ಅಂಚಿನ ಮೇಲಿನ ಜಪಾನು

"ಇದು ಅಸಲೀನೇನ್ರಿ?"

ಹೊನ್ನಾಳಿಯ ಬಟ್ಟೆ ಅಂಗಡಿಯಲ್ಲಿ ಆ ಪ್ರಶ್ನೆ ಕೇಳಿದವನ ಕಣ್ಣು ನೋಡಿ ಕಸ್ತೂರಿ ಬಿಡಿಸುತ್ತಿದ್ದ ಸೀರೆಯನ್ನು ಕೆಳಗಿಟ್ಟಳು. ಅಷ್ಟು ನಂಬಿಕೆಯಿಂದ ಯಾರೂ ಅವಳನ್ನು ಕೇಳಿರಲಿಲ್ಲ!

ಅದು ಎಪ್ಪತ್ತೆಂಟನೇ ಇಸವಿ. ಹೆಂಗಸರಿಗೆಲ್ಲ ಫಾರಿನ್ ಸೀರೆಯ ಹುಚ್ಚು. ಸೂರತ್ತಿನ ಸೀರೆಯ ಅಂಚಿಗೆ ಬಂಗಾರದ ಬಣ್ಣದಲ್ಲಿ 'ಮೇಡ್ ಇನ್ ಜಪಾನ್' ಎಂದು ಮುದ್ರೆ ಒತ್ತುವುದು ಕಸ್ತೂರಿಯ ಕೆಲಸ. ಅಂಗಡಿ ಅವಳನ್ನು ಸಾಕಿದ ಸೋದರಮಾವ ವಿರೂಪಾಕ್ಷಪ್ಪನದು.

ಕೊಳ್ಳುವವರಿಗೂ ಅದು ನಕಲಿಯೆಂದು ಗೊತ್ತು. ಜಗಳೂರಿನ ಮಗಳ ಮನೆಗೆ ಹೊರಟಿದ್ದ ಲಕ್ಷ್ಮಕ್ಕ, ಮುದ್ರೆ ಎದ್ದು ಕಾಣುವಂತೆ ನೆರಿಗೆ ಹಿಡಿದು ನೋಡುತ್ತ ಹೇಳಿದ್ದಳು: "ಅಸಲಿ ಉಟ್ರೆ ಮದುವೆ ಮನ್ಯಾಗೆ ಸೀರೆ ಕಾಯ್ಕಂತ ಕೂರಬೇಕು. ಇದಾದ್ರೆ ನೆಮ್ಮದಿಯಾಗಿ ಊಟ ಮಾಡಬಹುದು."

ಆದರೆ ನ್ಯಾಮತಿಯ ಈ ಮಹೇಶ್ವರಪ್ಪ ಮೇಷ್ಟ್ರಿಗೆ ಅಸಲಿಯೇ ಬೇಕಿತ್ತು. ಚನ್ನಗಿರಿಯ ಮದುವೆಯೊಂದರಲ್ಲಿ, ಮಾಸಲು ಸೀರೆ ಉಟ್ಟಿದ್ದಾಳೆಂದು ಅವನ ತಾಯಿಯನ್ನು ಯಾರೋ ಹಿಂದಿನ ಸಾಲಿಗೆ ಕೂರಿಸಿದ್ದರಂತೆ. ಮೊದಲ ಸಂಬಳ ಕೈಗೆ ಬಂದದ್ದೇ ಇಲ್ಲಿಗೆ ಬಂದಿದ್ದ.

ಮಾವ ಗಲ್ಲಾದಿಂದ ದುರುಗುಟ್ಟಿ ನೋಡಿದ.

"ಹೂಂ... ಅಸಲೀನೇ" ಎಂದಳು ಕಸ್ತೂರಿ.

ಆಮೇಲೆ ಅವನು ಸೈಕಲ್ ತುಳಿದುಕೊಂಡು ಕರವಸ್ತ್ರಕ್ಕೆಂದು ಬಂದ, ದಾರದುಂಡೆಗೆಂದು ಬಂದ. ಮೇಷ್ಟ್ರಿಗೆ ಇಷ್ಟೊಂದು ದಾರದುಂಡೆ ಯಾಕೆಂದು ಬೀದಿಯವರು ನಕ್ಕರು. ಇವತ್ತು ನಿಜ ಹೇಳಿಬಿಡಬೇಕು ಎಂದು ಕಸ್ತೂರಿ ಪ್ರತಿಸಲವೂ ಅಂದುಕೊಳ್ಳುತ್ತಿದ್ದಳು. ಅವನು ನಕ್ಕರೆ ಸಾಕು, ಕೇಳಿದ್ದನ್ನು ಕಟ್ಟಿಕೊಟ್ಟು ಕಳಿಸಿಬಿಡುತ್ತಿದ್ದಳು.

ಕೊನೆಗೆ ಅವನ ಮನೆಯವರು ಅವಳನ್ನು ಹೆಣ್ಣು ಕೇಳಿ ಬಂದರು, ನಿಶ್ಚಿತಾರ್ಥದ ದಿನವೂ ಬಂತು. ಗಂಡಿನ ಕಡೆಯವರು ಕೊಟ್ಟ ಸೀರೆಯನ್ನು ಹುಡುಗಿ ಒಳಗೆ ಹೋಗಿ ಉಟ್ಟು ಬರಬೇಕು, ಆಮೇಲೆಯೇ ಉಡಿ ತುಂಬುವುದು. ಅವನ ತಾಯಿ ಕಲ್ಲಮ್ಮ ಸೀರೆ ಕೈಗಿಡುತ್ತ, "ಮಗ ತಂದುಕೊಟ್ಟಾಗಿಂದ ಒಂದು ಸಲಾನೂ ಉಟ್ಟಿಲ್ಲ ತಾಯಿ. ಸೊಸೆಗೆ ಅಂತಾನೇ ಎತ್ತಿಟ್ಟಿದ್ದೆ" ಎಂದಳು.

ಕೋಣೆಯಲ್ಲಿ ಮಡಿಕೆ ಬಿಚ್ಚಿದ ಕಸ್ತೂರಿ ಅಂಚು ನೋಡಿದಳು. ತಾನೇ ಒತ್ತಿದ, ಒಂದು ಕಡೆ ವಾಲಿದ ಮುದ್ರೆ!

'ಆ ಮನೆಯವರು ಜೋಪಾನ ಮಾಡಿದ್ದು ನನ್ನ ಸುಳ್ಳನ್ನು... ಇದನ್ನುಟ್ಟು ಆ ತಾಯಿಯ ಕಾಲಿಗೆ ಹೇಗೆ ಬೀಳಲಿ?'

ಹಳೆಯ ಸೀರೆಯಲ್ಲೇ ಹೊರಬಂದು, "ಇದನ್ನ ಉಡಾಕೆ ನನ್ನ ಕೈಲಿ ಆಗಲ್ಲ" ಎಂದಷ್ಟೇ ಹೇಳಿ ಸೀರೆಯನ್ನು ಕಲ್ಲಮ್ಮನ ಮುಂದಿಟ್ಟಳು. ಪಕ್ಕದಲ್ಲಿ ಮಾವ ನಿಂತಿದ್ದ. ಅವನೆದುರು ಮುದ್ರೆಯ ಮಾತೆತ್ತುವ ಹಾಗಿರಲಿಲ್ಲ.

ಮಹೇಶ್ವರಪ್ಪನ ಮುಖ ಕಪ್ಪಿಟ್ಟಿತು. ದಿನಾ ಹೊಸ ಸೀರೆ ಮುಟ್ಟುವವಳಿಗೆ ಬಡವರ ಮನೆಯ ಸೀರೆ ಹಿಡಿಸಲಿಲ್ಲ ಎಂದುಕೊಂಡ. ಸಂಬಂಧ ಮುರಿಯಿತು.

ಎಂಟು ತಿಂಗಳು ಕಸ್ತೂರಿ ನಗಲಿಲ್ಲ. ಮಾವ ಎಷ್ಟು ಬೈದರೂ ಮುದ್ರೆ ಮುಟ್ಟಲಿಲ್ಲ. ಸೈಕಲ್ ಗಂಟೆ ಕೇಳಿದಾಗಲೆಲ್ಲ ಎದ್ದು ಬಾಗಿಲಿಗೆ ಬರುತ್ತಿದ್ದಳು. ಅವನು ಆ ಬೀದಿಯನ್ನೇ ಬಿಟ್ಟಿದ್ದ.

ಒಂದು ದಿನ ಲಕ್ಷ್ಮಕ್ಕ ಸುದ್ದಿ ತಂದಳು. ಮೇಷ್ಟ್ರಿಗೆ ಚನ್ನಗಿರಿಯಲ್ಲಿ ಹೆಣ್ಣು ನೋಡಿದ್ದಾರಂತೆ, ಕಲ್ಲಮ್ಮ ಅದೇ ಜಪಾನ್ ಸೀರೆ ಕೊಡುತ್ತಾಳಂತೆ.

ಕಸ್ತೂರಿ ಮಡಚುತ್ತಿದ್ದ ಬಟ್ಟೆಯನ್ನು ಹಾಗೇ ಬಿಟ್ಟಳು. ಅವನು ತನಗಿಲ್ಲ, ಇರಲಿ. ಆದರೆ ಆ ಊರಿನವರು ಸೀರೆ ನಕಲಿಯೆಂದು ನಕ್ಕರೆ? ಕಲ್ಲಮ್ಮ ಮತ್ತೆ ಹಿಂದಿನ ಸಾಲಿಗೆ!

ಮರುದಿನವೇ ನ್ಯಾಮತಿಯ ಬಸ್ಸು ಹತ್ತಿದಳು. ಕಲ್ಲಮ್ಮನ ಮುಂದೆ ಒಂದೂ ಬಿಡದೆ ಹೇಳಿದಳು. ಅಳಬಾರದು ಎಂದುಕೊಂಡಿದ್ದವಳು ಬಿಕ್ಕಿ ಬಿಕ್ಕಿ ಅತ್ತಳು.

ಕಲ್ಲಮ್ಮ ಎದ್ದು ಒಳಗೆ ಹೋದಳು. ಟ್ರಂಕಿನಿಂದ ಸೀರೆ ತೆಗೆದಳು. ಬಟ್ಟೆಯ ಚೂರೊಂದನ್ನು ಸೀಮೆಎಣ್ಣೆಯಲ್ಲಿ ಅದ್ದಿ ಅವಳ ಕೈಗಿತ್ತಳು.

"ಒತ್ತಿದೋಳು ನೀನು. ಅಳಿಸೋಳೂ ನೀನೇ ಆಗು."

ಶಾಲೆ ಬಿಟ್ಟು ಬಂದ ಮಹೇಶ್ವರಪ್ಪನಿಗೆ ಕಂಡದ್ದು ಜಗುಲಿಯಲ್ಲಿ ಕೂತು ಅಂಚು ಉಜ್ಜುತ್ತಿದ್ದ ಕಸ್ತೂರಿ. ತಾಯಿ ನಡೆದದ್ದನ್ನು ಹೇಳಿ ಒಳಗೆ ಹೋದಳು.

"ನಾನು ಬೇಡ ಅಂದಿದ್ದು ನಿಮ್ಮನ್ನಲ್ಲ ಮೇಷ್ಟ್ರೇ... ನನ್ನ ಸುಳ್ಳನ್ನ."

"ಎಂಟು ತಿಂಗಳು, ಕಸ್ತೂರಿ..." ಅವನ ದನಿ ಒಡೆಯಿತು. "ಅವತ್ತೇ ಒಂದು ಮಾತು ಹೇಳಾಕೆ ಏನಾಗಿತ್ತು?"

"ಹೇಳಿದ್ರೆ ನನ್ನ ನಂಬಾದು ಬಿಡ್ತೀರಿ ಅಂತ ಹೆದರಿಕೆ. ಈಗ ಬಿಟ್ರೂ ಸರಿ. ಚನ್ನಗಿರಿಯೋರ ಮುಂದೆ ಅವ್ವ..."

"ಚನ್ನಗಿರಿಯೋರಿಗೆ ನಾನಿನ್ನೂ ಹೂಂ ಅಂದಿಲ್ಲ."

ಅವನು ಪಕ್ಕದಲ್ಲಿ ಕೂತು, ಅವಳ ಕೈಯಿಂದ ಬಟ್ಟೆ ತೆಗೆದುಕೊಂಡು ಉಳಿದ ಅಕ್ಷರ ಉಜ್ಜಿದ. ಇಬ್ಬರ ಕಣ್ಣಲ್ಲೂ ನೀರು. ಸೀಮೆಎಣ್ಣೆಯ ಘಾಟು ಎಂದು ಇಬ್ಬರೂ ನೆಪ ಹೇಳಿದರು. ಕೊನೆಗೆ ಅಂಚು ಬೋಳಾಯಿತು.

ಕಸ್ತೂರಿ ಸೀರೆಯನ್ನು ಎದೆಗೊತ್ತಿಕೊಂಡು ಮೆಲ್ಲಗೆ ಕೇಳಿದಳು:

"ಇದು ಅಸಲೀನೇನ್ರಿ?"

"ಹೂಂ" ಎಂದ ಅವನು. "ಈಗ ಅಸಲಿ."