ಭಾನುವಾರದ ಜ್ವರ

“ಕೆಳಗಿಡಿ ಅದನ್ನ! ಮಗುಗೆ ಸ್ಕೀ ಆರಿಸ್ತಿದ್ದೀರೋ, ಏಣಿ ಆರಿಸ್ತಿದ್ದೀರೋ?”

ಹಾಲ್ವರ್ ಬೆಚ್ಚಿ ತಿರುಗಿದ. ಶಾಲೆಯ ಜಿಮ್ ತುಂಬ ಊರವರು ಬದಲಾಯಿಸಿಕೊಳ್ಳಲು ತಂದ ಹಳೆಯ ಸ್ಕೀಗಳು, ಬೂಟುಗಳು. ಮೂಲೆಯಲ್ಲಿ ವಾಫಲ್ ಬೇಯುವ ಘಮ. ಎದುರಿಗೆ ಇಂಗ್ವಿಲ್, ಮಗಳು ತುವಾಳ ಶಿಶುವಿಹಾರದ ಟೀಚರ್. ಕೊರಳಲ್ಲಿ ಅಳತೆಪಟ್ಟಿ, ಕೆನ್ನೆಯ ಮೇಲೆ ಸ್ಕೀ ಮೇಣದ ಕಲೆ. ಒಬ್ಬಂಟಿ ಅಪ್ಪನಾಗಿ ಮಳೆಯೂರು ಬರ್ಗೆನ್ ಬಿಟ್ಟು ಈ ಕಣಿವೆಗೆ ಬಂದಾಗಿನಿಂದ ಅವನು ಶಿಶುವಿಹಾರದ ಬಾಗಿಲಲ್ಲಿ ಕದ್ದು ನೋಡುತ್ತಿದ್ದ ಕೆನ್ನೆ.

“ಬೆಳೀತಾಳಲ್ಲ, ಮುಂದಿನ ವರ್ಷಕ್ಕೂ ಆಗ್ಲಿ ಅಂತ...”

“ಬೀಳೋದು ಈ ವರ್ಷ ತಾನೇ? ತುವಾ, ನೆಟ್ಟಗೆ ನಿಂತ್ಕೋ ಪುಟ್ಟಾ. ನೋಡಿ, ಸ್ಕೀ ತಲೆ ಮಟ್ಟಕ್ಕೆ ಬಂದ್ರೆ ಸಾಕು.” ಮಗುವಿನ ಕಾಲರಿನೊಳಗೆ ಬೆರಳಿಟ್ಟು ನೋಡಿ ಹುಬ್ಬೇರಿಸಿದಳು. “ಹತ್ತಿ ಬನಿಯನ್ನಾ? ಬೆವರಿದ್ರೆ ಒದ್ದೆ ಟವೆಲ್ ಸುತ್ಕೊಂಡ ಹಾಗೆ. ಮೈಗೆ ಉಣ್ಣೆ ತಾಗ್ಬೇಕು. ಇದೇನು, ಎರಡೆರಡು ಕಾಲುಚೀಲ? ಒಂದು ತೆಗಿ. ಈಗ ಬೆರಳು ಕುಣಿಸು.”

“ಡ್ಯಾನ್ಸ್ ಮಾಡ್ತಿವೆ!” ತುವಾ ಕಿರುಚಿದಳು.

ಹಾಲ್ವರ್ ಹಿಮದಲ್ಲಿ ಊರಿಕೊಳ್ಳುವ ಪುಟ್ಟ ಸ್ಕೀ ಕೋಲುಗಳ ಕಡೆ ಕೈ ಚಾಚಿದ. ಇಂಗ್ವಿಲ್ ಆ ಕೈಗೆ ಮೆಲ್ಲಗೆ ಹೊಡೆದಳು. “ಕೋಲು ಬೇಡ. ಕೋಲು ಕೊಟ್ರೆ ಕೋಲು ನಂಬ್ತಾರೆ, ಕಾಲು ನಂಬಲ್ಲ. ಬರ್ಗೆನ್‌ನಲ್ಲಿ ಬರೀ ಕೊಡೆ ಹಿಡಿಯೋದು ಕಲಿಸ್ತಾರಾ?”

ಅವನು ನಕ್ಕ. ಕಿವಿ ಮಾತ್ರ ಕೆಂಪಾಯಿತು.

“ಸರಿ, ಭಾನುವಾರ ನಮ್ಮ ಶಿಶುವಿಹಾರದ ಸ್ಕೀ ದಿನಕ್ಕೆ ತುವಾ ರೆಡಿ. ಅಪ್ಪನ ಜೊತೆ ಬರ್ತೀಯಲ್ಲ?”

“ಭಾನುವಾರ ನಂಗೆ ಜ್ವರ,” ಅಂದಳು ತುವಾ.

“ಇವತ್ತು ಇನ್ನೂ ಗುರುವಾರ ಕಣೇ!”

“ಅಪ್ಪ ಹೇಳಿದ್ದು. ಅಪ್ಪಂಗೆ ಸ್ಕೀ ಬರಲ್ಲ. ಯಾರಿಗೂ ಹೇಳ್ಬಾರ್ದು.”

ಮಾತು ಜಿಮ್ಮಿನ ಗೋಡೆಗೆ ಬಡಿದು ಎಲ್ಲರ ಕಿವಿಗೂ ಬಿತ್ತು. ವಾಫಲ್ ಮೇಜಿನಿಂದ ಒಬ್ಬ ಮುದುಕ ಗಹಗಹಿಸಿದ. “ಏನಯ್ಯಾ, ನಾರ್ವೆಯವನು ಕಾಲಿಗೆ ಸ್ಕೀ ಕಟ್ಕೊಂಡೇ ಹುಟ್ತಾನೆ ಅಂತಾರೆ. ನೀನೆಲ್ಲಿ ಹುಟ್ಟಿದೆ?”

ಬಂದರಿನಲ್ಲಿ ಮೂಟೆ ಹೊತ್ತವನ ಮಗ ಹಾಲ್ವರ್. ಆ ಗಾದೆ ಎಳೆತನದಿಂದಲೂ ಅವನ ಬೆನ್ನಿಗೆ ಬಿದ್ದಿತ್ತು. ಅವನು ಮಗಳ ಕೈ ಹಿಡಿದು ಬಾಗಿಲ ಕಡೆ ತಿರುಗಿದ.

ಇಂಗ್ವಿಲ್ ಬಾಗಿಲಿಗೆ ಅಡ್ಡ ನಿಂತಳು. ಮಾತು ಮುದುಕನ ಕಡೆಗೆ.

“ಎಲ್ರೂ ಬರಿಗಾಲಲ್ಲೇ ಹುಟ್ಟೋದು ಅಜ್ಜ! ಬೆಟ್ಟದ ಮೇಲೊಂದು ಮನೆ, ವರ್ಷವರ್ಷ ಹೊಸ ಸ್ಕೀ ಇದ್ದೋರು ಕಟ್ಟಿದ ಗಾದೆ ಅದು. ಅದಕ್ಕೆ ಹೆದರಿ ಎಷ್ಟು ಮಕ್ಕಳಿಗೆ ಭಾನುವಾರ ಜ್ವರ ಬರುತ್ತೆ ಗೊತ್ತಾ? ಹಿಮ ಯಾರಪ್ಪನ ಆಸ್ತಿ? ಅದಕ್ಕೇ ಹಳೇ ಸ್ಕೀ ಬದಲಾಯಿಸ್ಕೊಳ್ಳೋಕೆ ಅಂತ ಜಗಳ ಆಡಿ ಈ ಜಿಮ್ ಬಾಗಿಲು ತೆಗೆಸಿದ್ದು ನಾನು.”

ಮುದುಕ ಇನ್ನೊಂದು ವಾಫಲ್‌ಗೆ ಕೈ ಹಾಕಿದ.

ಅವಳು ಹಾಲ್ವರನನ್ನು ಬೆಂಚಿನ ಮೇಲೆ ಕೂರಿಸಿ, ಮುಂದೆ ಮಂಡಿಯೂರಿದಳು. “ಬೂಟು ಬಿಚ್ಚಿ.”

“ನನ್ನದಾ?”

“ಮತ್ತೆ ಅಜ್ಜಂದಾ?” ದೊಡ್ಡ ಬೂಟೊಂದನ್ನು ಅವನ ಕಾಲಿಗೆ ತೊಡಿಸಿ ತುದಿ ಒತ್ತಿದಳು. “ಬೆರಳು ಕುಣಿಸಿ. ಕುಣೀತಿದ್ಯಾ?”

“ಬೆರಳಿಗಿಂತ ಎದೆ ಜಾಸ್ತಿ ಕುಣೀತಿದೆ,” ಅಂದ. ಅಂದಮೇಲೆ ಹಿಂದೆ ಸರಿಯಲಿಲ್ಲ. “ದಿನಾ ಬಾಗಿಲಲ್ಲಿ ಹವಾಮಾನ ಮಾತಾಡಿ ಹೋಗ್ತಿದ್ದೆ. ಸ್ಕೀನೇ ಬರದವನು ನಿಮ್ಮನ್ನ ಏನಂತ ಕೇಳಲಿ ಅಂತ.”

ಅವಳು ಲೇಸು ಕಟ್ಟುತ್ತಲೇ ಇದ್ದಳು. “ನಾನು ಆ ಚಳೀಲಿ ದಿನಾ ಬಾಗಿಲಿಗೆ ಬರ್ತಿದ್ದದ್ದು ಹವಾಮಾನ ಕೇಳೋಕಾ?”

ಹಾಲ್ವರ್ ಎದ್ದು ನಿಂತು ತಡವರಿಸಿದ. “ನಂಗಾದ್ರೂ ಕೋಲು ಬೇಕು. ಏನು ಹಿಡ್ಕೊಳ್ಳಲಿ?”

ಇಂಗ್ವಿಲ್ ಕೈ ಚಾಚಿದಳು.

ಭಾನುವಾರ ಶಿಶುವಿಹಾರದ ಹಿಂದಿನ ದಿಬ್ಬದಲ್ಲಿ ಅವನು ಬಿದ್ದ, ಎದ್ದ, ಮತ್ತೆ ಬಿದ್ದ. ಕೊನೆಗೆ ಬಿದ್ದಾಗ ಅವಳನ್ನೂ ಎಳೆದುಕೊಂಡೇ ಬಿದ್ದ. ಇಬ್ಬರೂ ಹಿಮದಲ್ಲಿ ಅಂಗಾತ, ಹಿಡಿದ ಕೈ ಹಾಗೇ.

ತುವಾ ಕೋಲಿಲ್ಲದೆ ಜಾರಿಬಂದು ನಿಂತಳು. ಉಣ್ಣೆ ಕೈಗವಸು ಕಳಚಿ ಇಬ್ಬರ ಹಣೆಯನ್ನೂ ಗಂಭೀರವಾಗಿ ಮುಟ್ಟಿ ನೋಡಿದಳು.

“ಯಾರಿಗೂ ಜ್ವರ ಇಲ್ಲ. ಮುಂದಿನ ಭಾನುವಾರಾನೂ ಬರೋಣ.”