ಕೀ ಬಿಡದ ಹುಡುಗಿ

"ಕೀ ಬಿಡಿ ಅಮ್ಮಾವ್ರೇ! ಬಿಡಿ ಅಂದೆ!"

ವಿಮಲಾ ಬೆಚ್ಚಿಬಿದ್ದು ಕೈ ತೆಗೆದಳು. ಇಪ್ಪತ್ತೆರಡು ವರ್ಷದಲ್ಲಿ ಅವಳನ್ನು ಹೀಗೆ ಗದರಿದವರು ಯಾರೂ ಇರಲಿಲ್ಲ. ಎತ್ತಿದ ಬಾನೆಟ್ಟಿನ ಹಿಂದಿನಿಂದ ಮಸಿ ಹತ್ತಿದ ಮುಖವೊಂದು ಇಣುಕಿತು.

"ಎಂಜಿನ್ ಹತ್ಕೊಂಡ ಮೇಲೂ ಕೀ ತಿರುಗಿಸಿ ಹಿಡ್ಕೊಂಡ್ರೆ ಒಳಗೆ ಹಲ್ಲಿಗೆ ಹಲ್ಲು ಉಜ್ಜುತ್ತೆ. ಆ ಕರ್ರ್ ಅನ್ನೋ ಸದ್ದು ಅದೇ," ಎಂದ ಮೆಕ್ಯಾನಿಕ್ ಚಿನ್ನಪ್ಪ. ಆಮೇಲೆ ದನಿ ತಗ್ಗಿಸಿ, "ಜೋರಾಗಿ ಅಂದ್ಬಿಟ್ಟೆ... ಬೇಜಾರು ಮಾಡ್ಕೋಬೇಡಿ," ಎಂದ.

ಬೇಜಾರೆಲ್ಲಿ ಬಂತು! ಅವಳು ಆ ಕಣ್ಣುಗಳನ್ನೇ ನೋಡುತ್ತಿದ್ದಳು.

ಅದು ೧೯೭೯. ಸಾರಕ್ಕಿಯ ಗಂಗಾಧರಯ್ಯನವರ ರಾಗಿ ಹೊಲ ಜೆ.ಪಿ. ನಗರದ ಸೈಟುಗಳಾಗಿ, ಮನೆಗೊಂದು ಫಿಯಟ್ ಕಾರು ಬಂದಿತ್ತು. ಅವರಿಗೆ ಕಾರು ಕೊಳ್ಳಲು ಗೊತ್ತಿತ್ತು, ಓಡಿಸಲು ಗೊತ್ತಿರಲಿಲ್ಲ. ಕಲಿತು ಓಡಿಸುತ್ತಿದ್ದವಳು ಒಬ್ಬಳೇ ಮಗಳು ವಿಮಲಾ.

ಬನಶಂಕರಿ ರಸ್ತೆಯಲ್ಲಿ ಸಣ್ಣ ಶೆಡ್ ಇಟ್ಟುಕೊಂಡಿದ್ದ ಚಿನ್ನಪ್ಪನ ಕೈಗುಣ ದೊಡ್ಡದು. ಆದರೆ ಅವನು ಊರಾಚೆಯ ಕೇರಿಯವನು. "ಕಾರಿಗೆ ಪೂಜೆ ಆಗಿದೆ, ನೀನು ಸೀಟಿನ ಮೇಲೆ ಕೂರ್ಬೇಡಪ್ಪಾ. ಕೀ ನನ್ನ ಮಗಳು ತಿರುಗಿಸ್ತಾಳೆ, ನೀನು ಹೊರಗಿಂದ ಸದ್ದು ಕೇಳು," ಎಂದು ಗಂಗಾಧರಯ್ಯ ಕಟ್ಟಪ್ಪಣೆ ಮಾಡಿದ್ದರು. ಮಡಿ ಕಾಪಾಡಲು ಹೋಗಿ ಇಬ್ಬರನ್ನೂ ಎದುರುಬದುರು ನಿಲ್ಲಿಸಿದ್ದರು, ಪಾಪ!

ಅವತ್ತಿನ ರೋಗ ಸಣ್ಣದು. ಬ್ಯಾಟರಿಯ ತಲೆಗೆ ಬಿಳಿ ಕಿಲುಬು ಹತ್ತಿ, ಕೀ ತಿರುಗಿಸಿದರೆ ಟಿಕ್ ಟಿಕ್ ಎನ್ನುತ್ತಿತ್ತು. ಚಿನ್ನಪ್ಪ ಬಿಸಿನೀರು ಸುರಿದು, ಉಜ್ಜಿ, ತಂತಿ ಬಿಗಿ ಮಾಡಿದ. ಕಾರು ಸರಿಹೋಯಿತು, ವಿಮಲಾಳ ಮನಸ್ಸು ಕೆಟ್ಟಿತು.

ಮುಂದಿನ ಭಾನುವಾರ ಅವಳು ಬೇಕೆಂದೇ ಕೀಯನ್ನು ಇನ್ನೊಂದು ಕ್ಷಣ ಹಿಡಿದಳು. ಕರ್ರ್...

"ಅಪ್ಪಾ, ಮತ್ತೆ ಸದ್ದು!"

ಚಿನ್ನಪ್ಪ ಬಂದ. "ಹಾಕಿ," ಎಂದ. "ಸಾಕು," ಎಂದ. ನಟ್ಟು ಬಿಚ್ಚಿ, ಒರೆಸಿ, ಬಿಗಿದ. ಹೋಗುವಾಗ ಒಮ್ಮೆ ನಕ್ಕ. ಆ ಒಂದು ನಗುವಿಗಾಗಿ ಅವಳು ವಾರವಿಡೀ ಕಾದಳು.

ಐದು ತಿಂಗಳು ಹೀಗೇ ನಡೆಯಿತು. 'ಇವನಿಗೆ ಎಂಜಿನ್ನಿನ ಮಾತು ಬಿಟ್ಟು ಬೇರೇನೂ ಕೇಳಿಸುವುದಿಲ್ಲವೇ?' ಎಂದು ಅವಳಿಗೆ ಅಳು ಬರುತ್ತಿತ್ತು.

ತ್ಯಾಗರಾಜನಗರದಿಂದ ಗಂಡಿನ ಕಡೆಯವರು ಹೆಣ್ಣು ನೋಡಲು ಬಂದರು. ಒಪ್ಪಿಗೆಯೂ ಆಯಿತು. "ನಮ್ಮ ಹುಡುಗಿ ಕಾರು ಓಡಿಸ್ತಾಳೆ, ನೋಡಿ ಬನ್ನಿ!" ಎಂದು ಗಂಗಾಧರಯ್ಯ ಎಲ್ಲರನ್ನೂ ಅಂಗಳಕ್ಕೆ ಕರೆತಂದರು. ವಿಮಲಾ ಕೀ ತಿರುಗಿಸಿದಳು. ಗುಯ್ಯ್... ಬರೀ ಗುಯ್ಯ್! ಎಂಜಿನ್ ಹತ್ತಲೇ ಇಲ್ಲ. ಬೀಗರಾಗುವವರು ಮುಖ ತಿರುಗಿಸಿ ನಕ್ಕರು.

ಚಿನ್ನಪ್ಪನಿಗೆ ಹೇಳಿಕಳಿಸಿದರು. ಅವನು ಬಿಚ್ಚಿ ನೋಡಿದರೆ ಒಳಗಿನ ಹಲ್ಲುಗಳೆಲ್ಲ ಸವೆದು ಹೋಗಿದ್ದವು.

"ಐದು ತಿಂಗಳಿಂದ ರಿಪೇರಿ ಅಂತ ಬಂದು ಇದನ್ನಾ ಮಾಡಿದ್ದು? ಮೋಸಗಾರ! ನನ್ನ ಮಾನ ಕಳೆದ್ಯಲ್ಲೋ!" ಎಂದು ಗಂಗಾಧರಯ್ಯ ಕೂಗಾಡಿದರು.

ಚಿನ್ನಪ್ಪ ವಿಮಲಾಳತ್ತ ಒಮ್ಮೆ ನೋಡಿದ. "ನಂದೇ ತಪ್ಪು ಸಾಮಿ," ಎಂದ.

'ಹೇಳು ವಿಮಲಾ, ಹೇಳು!' ಎಂದು ಒಳಗೆ ಚೀರುತ್ತಿದ್ದರೂ ಅವಳ ನಾಲಿಗೆ ಏಳಲಿಲ್ಲ.

ಗಂಗಾಧರಯ್ಯ ಜಯನಗರ ನಾಲ್ಕನೇ ಬ್ಲಾಕಿನವರೆಗೂ ಡಂಗುರ ಸಾರಿದರು. ಚಿನ್ನಪ್ಪನ ಶೆಡ್ಡಿಗೆ ಒಂದೊಂದಾಗಿ ಕಾರುಗಳು ಬರುವುದು ನಿಂತಿತು. ಆ ಸುದ್ದಿ ಕಿವಿಗೆ ಬಿದ್ದ ದಿನ ವಿಮಲಾ ತಂದೆಯ ಮುಂದೆ ನಿಂತು ಎಲ್ಲ ಹೇಳಿದಳು.

ಅವರು ಹೊಡೆಯಲಿಲ್ಲ. ಹೊಡೆದಿದ್ದರೇ ಚೆನ್ನಾಗಿತ್ತು.

"ಅವನ ಹೆಸರು ಕೆಟ್ರೆ ಬೇರೆ ಊರಲ್ಲಿ ಬದುಕ್ತಾನೆ. ನಿನ್ನ ಹೆಸರು ಕೆಟ್ರೆ? ಲಗ್ನಪತ್ರಿಕೆ ಅಚ್ಚಾಗಿದೆ. ಬಾಯ್ಮುಚ್ಕೊಂಡಿರು."

ಮರುದಿನ ಮಧ್ಯಾಹ್ನ ಅವಳು ಬಿಸಿಲಲ್ಲಿ ನಡೆದೇ ಶೆಡ್ಡಿಗೆ ಹೋದಳು. ಚಿನ್ನಪ್ಪ ಸ್ಪಾನರುಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದ.

"ಎಲ್ಲಿಗೆ?"

"ಹೊಸೂರಿಗೆ. ಲಾರಿ ಶೆಡ್ಡಲ್ಲಿ ಕೂಲಿ ಸಿಕ್ಕಿದೆ."

"ನನ್ನೂ ಕರ್ಕೊಂಡ್ ಹೋಗಿ..."

"ನಾವಿಬ್ರು ಹೋಗ್ಬಿಡ್ತೀವಿ. ಕೇರೀಲಿ ನಮ್ಮವ್ವ ಇದಾಳೆ, ನಮ್ಮ ಜನ ಇದಾರೆ. ನಿಮ್ಮೋರು ಬಂದ್ರೆ ಅವರನ್ನ ಯಾರು ಉಳಿಸ್ತಾರೆ?"

ವಿಮಲಾ ನೆಲದ ಮೇಲಿದ್ದ ಸ್ಪಾನರೊಂದನ್ನು ಎತ್ತಿ ತಾನೇ ಚೀಲಕ್ಕೆ ಹಾಕಿದಳು.

"ಆ ಸದ್ದು ನಾನೇ ಮಾಡ್ತಿದ್ದೆ," ಎಂದಳು ವಿಮಲಾ. "ನಿಮ್ಮನ್ನ ನೋಡ್ಬೇಕು ಅಂತ... ನಿಮ್ಮ ಅನ್ನಾನೇ ಕಿತ್ಕೊಂಡೆ."

"ಗೊತ್ತು. ಎರಡನೇ ಸಲಾನೇ ಗೊತ್ತಾಯ್ತು."

ಅವಳು ಕಣ್ಣರಳಿಸಿದಳು. "ಗೊತ್ತಿತ್ತಾ? ಮತ್ಯಾಕೆ ಹೇಳ್ಲಿಲ್ಲ? ಒಂದು ಮಾತು ಹೇಳಿದ್ರೆ ನಿಮ್ಮ ಕೆಲಸ ಉಳೀತಿತ್ತಲ್ಲ!"

"ಹೇಳಿದ್ರೆ..." ಚಿನ್ನಪ್ಪ ನಗಲು ನೋಡಿದ, ಆಗಲಿಲ್ಲ. "ಹೇಳಿದ್ರೆ ಮುಂದಿನ ಭಾನುವಾರ ನನ್ನ ಯಾರು ಕರೀತಿದ್ರು?"

ವಿಮಲಾ ಆ ಮಸಿ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಬಿಕ್ಕಿ ಬಿಕ್ಕಿ ಅತ್ತಳು. ಅವನ ಕಣ್ಣೂ ತುಂಬಿತು, ಅವನು ಒರೆಸಿಕೊಳ್ಳಲಿಲ್ಲ.

"ಬಸ್ಸು ಎಷ್ಟೊತ್ತಿಗೆ?"

"ನಾಲ್ಕಕ್ಕೆ."

"ಅಲ್ಲೀವರೆಗೂ ಇಲ್ಲೇ ಇರ್ಲಾ?"

"ಇರು," ಎಂದ ಚಿನ್ನಪ್ಪ.