ಸೇತುವೆಯ ಬಣ್ಣ ಹೆರೆದಾಗ

ಲಾರಿ ದಾಟಿದಾಗಲೆಲ್ಲ ಹೆದ್ದಾರಿಯ ಉಕ್ಕಿನ ಸೇತುವೆ ನಟ್ಟನಡುವೆ ‘ಟಣ್’ ಅನ್ನುತ್ತಿತ್ತು. “ಬಿರುಕು ಕಣ್ಣಿಗೆ ಬಿದ್ರೆ ರಸ್ತೆ ಮುಚ್ಚಿ. ಬರೀ ಸದ್ದಿಗೆಲ್ಲ ಮುಚ್ಚೋಕಾಗಲ್ಲ” ಎಂದು ರಸ್ತೆ ಇಲಾಖೆಯ ಸಾಹೇಬರು ಕೂತಲ್ಲಿಂದಲೇ ಅಪ್ಪಣೆ ಕೊಟ್ಟರು. ಅವರ ಕುರ್ಚಿ ಗಟ್ಟಿಯಾಗಿತ್ತು.

ಹಾಗಾಗಿ ಇಂಜಿನಿಯರ್ ಅಕ್ಕ, ಹಗ್ಗ ಹತ್ತುವುದರಲ್ಲಿ ಪಳಗಿ ‘ಹಲ್ಲಿ’ ಎನಿಸಿಕೊಂಡಿದ್ದ ಅವಳ ತಮ್ಮ, ಇಬ್ಬರೂ ಸೇತುವೆಯ ಹೊಟ್ಟೆಯಡಿ ಇಳಿದರು.

ಕೆಳಗೆ ನದಿ ಮಳೆನೀರು ಕುಡಿದು ಊದಿಕೊಂಡಿತ್ತು. ಬುಡಸಮೇತ ಕಿತ್ತ ಮರಗಳನ್ನು ಹಲ್ಲುಕಡ್ಡಿಯಂತೆ ಆಡಿಸುತ್ತ, ಕಂಬಗಳಿಗೆ ಗುದ್ದಿಸುತ್ತ ಓಡುತ್ತಿತ್ತು. ತಲೆಯ ಮೇಲೆ ಚಕ್ರಗಳ ಗುಡುಗು. ನಡುವೆ ಕಿರಿದಾದ ತೊಲೆ, ಅದರ ಮೇಲೆ ಹೊಟ್ಟೆ ಹೊಸೆಯುತ್ತ ಇವರು.

“ಕೆಳಗೆ ನೋಡ್ಬೇಡ ಕಣೋ.”

“ನಾನೆಲ್ಲಿ ನೋಡ್ತಿದೀನಿ? ನದೀನೇ ನನ್ನ ನೋಡ್ತಿದೆ.”

ಟಣ್!

ತೊಲೆ ನಡುಗಿತು. ಅಕ್ಕನ ಸೊಂಟದ ವಾಕಿಟಾಕಿ ಜಾರಿ ನದಿಯ ಪಾಲಾಯಿತು. ಇನ್ನು ಮೇಲಿನವರಿಗೆ ಸುದ್ದಿ ಮುಟ್ಟಿಸುವ ದಾರಿಯಿಲ್ಲ.

ಸದ್ದು ಬಂದ ಜೋಡಣೆಯನ್ನು ಅಕ್ಕ ಹೆರೆದಳು. ಸೇತುವೆಯ ಚರಿತ್ರೆ ಪದರ ಪದರವಾಗಿ ಎದ್ದಿತು: ಮೇಲೆ ಹಳದಿ, ಅದರಡಿ ನೀಲಿ, ತಳದಲ್ಲಿ ಉದ್ಘಾಟನೆಯ ಹಸಿರು. ಆಳುವವರು ಬದಲಾದಾಗಲೆಲ್ಲ ಬಣ್ಣ ಬದಲಾಗಿತ್ತು, ಬೋಲ್ಟು ಬದಲಾಗಿರಲಿಲ್ಲ.

ಬಿರುಕು ಸಿಕ್ಕಿತು. ಅದರ ಮೊದಲರ್ಧದೊಳಗೆ ನೀಲಿ ಬಣ್ಣ ಇಳಿದಿತ್ತು. ಆಮೇಲೆ ಹಳದಿ.

“ನೀಲಿ ಬಳಿದವರೂ ಕಂಡಿದ್ದಾರೆ, ಹಳದಿ ಬಳಿದವರೂ ಕಂಡಿದ್ದಾರೆ. ಬಳಿದು ಮುಚ್ಚಿದ್ದಾರೆ, ಅಷ್ಟೇ.”

“ಇದೇನಕ್ಕಾ, ತುದೀಲಿ ಬಣ್ಣಾನೇ ಇಲ್ಲ?”

ಗೇಣುದ್ದ ಹಸಿ ಉಕ್ಕು ಫಳಫಳ ಹೊಳೆಯುತ್ತಿತ್ತು. ಅಕ್ಕ ಅದರ ಮೇಲೆ ಬೆರಳಾಡಿಸಿದಳು. “ಇದು ಈಗ್ತಾನೆ ಸೀಳಿರೋದು.”

“ಅಕ್ಕಾ, ಈಗ ಬರೋ ಬಸ್ಸು ನನ್ನ ಹೆಂಡ್ತಿ ಓಡಿಸ್ತಿರೋದು!”

“ಸೇತುವೆಯ ಆ ತುದಿಗೆ ನೀನು. ಈ ತುದಿಗೆ ನಾನು. ಹತ್ತು!”

ಹಲ್ಲಿ ಹತ್ತಿದ. ಕಾಲು ಜಾರಿತು. ಹಗ್ಗ ಹಿಡಿಯಿತು. ಮತ್ತೆ ಹತ್ತಿದ. ರಸ್ತೆಗೆ ಬಿದ್ದವನೇ ಎರಡೂ ಕೈ ಬೀಸುತ್ತ ಓಡಿದ. ಎದುರಿಗೆ ಬಸ್ಸು! ಬ್ರೇಕು ಕಿರುಚಿತು. ಮುಂಚಕ್ರ ಸೇತುವೆಯ ಬಾಯಲ್ಲೇ ನಿಂತಿತು.

“ರಸ್ತೆ ಏನು ನಿಮ್ಮಪ್ಪಂದಾ?” ಕಿಟಕಿಗಳಿಂದ ಬೈಗುಳದ ಮಳೆ.

ಹೆಂಡತಿ ಸ್ಟೇರಿಂಗ್ ಬಿಟ್ಟು ತಲೆ ಹೊರಹಾಕಿದಳು. “ಏನ್ರೀ, ಮನೇಲಿ ಅಡ್ಡ ಬರೋದು ಸಾಲ್ದಾ?”

ಅವನು ಹಿಂದಕ್ಕೆ ಕೈ ತೋರಿಸಿದ. ಅವನ ಬೆನ್ನ ಹಿಂದೆ ಸೇತುವೆ ಪೂರ್ತಿ ಖಾಲಿ. ಆಚೆ ತುದಿಯಲ್ಲಿ ಲಾರಿಗಳನ್ನು ತಡೆದು ಕೈಯೆತ್ತಿ ನಿಂತಿದ್ದ ಅಕ್ಕ ಚುಕ್ಕಿಯಷ್ಟು ಕಾಣುತ್ತಿದ್ದಳು.

ಟಣ್!

ಮೇಲೆ ಒಂದು ಸೈಕಲ್ಲೂ ಇರಲಿಲ್ಲ. ಬೈಯುತ್ತಿದ್ದ ಬಾಯಿಗಳೆಲ್ಲ ತೆರೆದಂತೆಯೇ ನಿಂತವು.

ಹೆಂಡತಿ ಮೆಲ್ಲಗೆ ರಿವರ್ಸ್ ಗೇರ್ ಹಾಕಿದಳು. ಬಸ್ಸು ಗಟ್ಟಿ ನೆಲಕ್ಕೆ ಸರಿದ ಮೇಲೆ ಬಾಗಿಲು ತೆರೆದು ಅಂದಳು: “ಹತ್ತಿ, ಸುತ್ತು ದಾರೀಲಿ ಹೋಗಿ ಅಕ್ಕನ್ನ ಕರ್ಕೊಂಡು ಬರೋಣ. ಇವತ್ತು ನಿಮಗೆ ಟಿಕೆಟ್ ಬೇಡ.”